ಮದುವೆಯ ಹೂವು, ಮಳೆಗಾಲದ ರೆಸಿನ್

ಪ್ರಶ್ನೆ: ಮಗಳ ಮದುವೆಯ ಹಾರದ ಹೂಗಳನ್ನು ಎಪಾಕ್ಸಿ ರೆಸಿನ್‌ನಲ್ಲಿ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ದ್ರವ) ಎರಕ ಹೊಯ್ದು ಪದಕ ಮಾಡುತ್ತಿದ್ದೇನೆ. ಎರಡು ದಿನ ಕಳೆದರೂ ಅಂಟು ಹೋಗಿಲ್ಲ, ಒಳಗೆಲ್ಲ ಗುಳ್ಳೆ, ಹೂವೂ ಕಂದಿದೆ. ಏನು ಮಾಡಲಿ?
— ಓದುಗರು, ಬಸವನಗುಡಿ

ಉತ್ತರ: ಆ ಹೂಗಳು ಮತ್ತೆ ಸಿಗುವಂಥವಲ್ಲ. ಉಳಿದವನ್ನು ದಯವಿಟ್ಟು ಸದ್ಯ ಮುಟ್ಟಬೇಡಿ, ಕೆ.ಆರ್. ಮಾರುಕಟ್ಟೆಯ ಸೇವಂತಿಗೆಯಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ.

ಅಂಟಿಗೆ ಮುಖ್ಯ ಕಾರಣ ಅಳತೆ. ಡಬ್ಬಿಯ ಮೇಲಿನ ರೆಸಿನ್-ಹಾರ್ಡನರ್ 2:1 ಅನುಪಾತ ತೂಕದ್ದೋ ಗಾತ್ರದ್ದೋ ಎಂದು ಓದಿಕೊಳ್ಳಿ. ಎರಡೂ ಒಂದೇ ಅಲ್ಲ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿಯುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ: ಮಿಕ್ಕಿದ ಹಾರ್ಡನರ್ ಬೆಸೆಯದೆ ಹಾಗೇ ಉಳಿದು, ಪದಕ ಮೆತ್ತಗಾಗುತ್ತದೆ. ಬಟ್ಟಲಿನ ಅಂಚು, ತಳ ಕೆರೆಯುತ್ತ ಮೂರು ನಿಮಿಷವಾದರೂ ನಿಧಾನವಾಗಿ ಕಲಸಿ. ಇಷ್ಟಾದರೂ ಮೇಲೆ ಜಿಡ್ಡಿನ ಪೊರೆ ಮಾತ್ರ ಕಂಡರೆ ಅದು ತೇವದ ಗಾಳಿಯ ಕೆಲಸ. ಗಟ್ಟಿಯಾದ ಮೇಲೆ ಸಾಬೂನು ನೀರಿನಲ್ಲಿ ತೊಳೆಯಿರಿ.

ಬೆಂಗಳೂರಿನ ಜುಲೈ ರಾತ್ರಿಗಳಲ್ಲಿ ತಾಪಮಾನ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಣ್ಣಗಿನ ರೆಸಿನ್ ಜೇನಿನಂತೆ ಮಂದವಾಗಿ ಗುಳ್ಳೆಗಳನ್ನು ಹಿಡಿದಿಡುತ್ತದೆ. ಮುಚ್ಚಳ ಬಿಗಿದ ರೆಸಿನ್ ಬಾಟಲಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು, ಒರೆಸಿ ಬಳಸಿ. ಬಿಸಿಯಿಂದ ಮಿಶ್ರಣ ಬೇಗ ಗಟ್ಟಿಯಾಗುವುದರಿಂದ ಅಚ್ಚು ಸಿದ್ಧವಾಗಿರಲಿ.

ಹೂವಿನ ವಿಷಯ: ಒಳಗೆ ನೀರಿನಂಶವಿದ್ದರೆ ಕಂದುವುದು ಖಂಡಿತ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಹೂತು, ಎಸಳು ಕಾಗದದಂತೆ ಸರಸರ ಎನ್ನುವವರೆಗೆ ಕಾಯಿರಿ. ಮಲ್ಲಿಗೆಯ ಬಿಳುಪು ಮಾತ್ರ ಹಾಗೆ ಮಾಡಿದರೂ ಉಳಿಯುವುದು ಕಷ್ಟ, ಗುಲಾಬಿ ಎಸಳನ್ನೇ ಆರಿಸಿ. ತೆಳುವಾಗಿ ಒಂದು ಪದರ ಹೊಯ್ದು, ಹೂವಿಟ್ಟು, ಮತ್ತೆ ಹೊಯ್ಯಿರಿ.

ನೈಟ್ರೈಲ್ ಕೈಗವಸು ಬೇಕೇ ಬೇಕು. ಕಿಟಕಿ ತೆರೆದಿರಲಿ, ಅಡುಗೆಮನೆ ಬೇಡ.