ಓಡುವವರು ಮೊದಲು ಈಜಬೇಕು

ಬೆಂಗಳೂರಿನ ವಿಜಯನಗರದ ಯುವತಿಯೊಬ್ಬರು ಬರೆದಿದ್ದಾರೆ: ‘ನನಗೆ 20 ವರ್ಷ, ಬಿ.ಕಾಂ. ಓದುತ್ತಿದ್ದೇನೆ. ಕಂಠೀರವ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುತ್ತೇನೆ. 10 ಕಿ.ಮೀ. ಓಟ 38 ನಿಮಿಷಕ್ಕೆ ಬಂದಿದೆ. ಆದರೆ ಮೊಣಕಾಲಿನ ಕೆಳಗೆ ಮೂಳೆ ನೋವು ಮತ್ತೆ ಮತ್ತೆ ಬಂದು ಓಟ ನಿಲ್ಲಿಸಬೇಕಾಗುತ್ತದೆ. ಕೋಚ್ ಟ್ರಯಾಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಬೆನ್ನಿಗೊಂದು ಬರುವ ಸ್ಪರ್ಧೆ) ಹೋಗು ಎನ್ನುತ್ತಾರೆ. ಈಜು ಅಷ್ಟಕ್ಕಷ್ಟೆ. ಈಗ ಶುರು ಮಾಡಿದರೆ ಎಲೈಟ್ (ಅಗ್ರ ಸ್ಪರ್ಧಿಗಳ) ಮಟ್ಟ ಮುಟ್ಟಬಹುದೇ? ರಸ್ತೆಯಲ್ಲಿ ಸೈಕಲ್ ಎಂದರೆ ಅಮ್ಮನಿಗೆ ಭಯ.’

ಪ್ರಿಯ ಓದುಗರೇ,

ಬಾಗಿಲು ಮುಚ್ಚಿಲ್ಲ. ಆದರೆ ಅದನ್ನು ತೆರೆಯುವುದು ನಿಮ್ಮ ಓಟವಲ್ಲ, ಈಜು.

ಒಲಿಂಪಿಕ್ ಟ್ರಯಾಥ್ಲಾನ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, ಕೊನೆಗೆ 10 ಕಿ.ಮೀ. ಓಟ. ಓಟ ಕೊನೆಗಿದೆ, ಹಾಗಾಗಿ ಓಟಗಾರರಿಗೇ ಲಾಭ ಎಂದು ಅನ್ನಿಸುತ್ತದೆ, ಅಲ್ವಾ? ಎಲೈಟ್ ರೇಸ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸೈಕಲ್ ಸವಾರರು ಒಬ್ಬರ ಹಿಂದೊಬ್ಬರು ಗಾಳಿಯ ಮರೆಯಲ್ಲಿ ಗುಂಪಾಗಿ ಹೋಗಬಹುದು. ನೀರಿನಿಂದ ಒಂದು ನಿಮಿಷ ತಡವಾಗಿ ಎದ್ದರೆ ಆ ಗುಂಪು ಹೊರಟುಹೋಗಿರುತ್ತದೆ. ಆಮೇಲೆ ಒಬ್ಬರೇ ಗಾಳಿಗೆ ಎದೆಕೊಟ್ಟು ತುಳಿಯಬೇಕು. ಮುಂದಿನವರು ಒಂದು ಸುತ್ತು ಹೆಚ್ಚು ಹಾಕಿ ಹಿಂದಿನಿಂದ ಬಂದು ಹಿಡಿದರೆ ನಿಮ್ಮನ್ನು ರೇಸ್‌ನಿಂದಲೇ ಹೊರಗೆ ಕಳಿಸುತ್ತಾರೆ. ನಿಮ್ಮ ಚೆಂದದ ಓಟ ತೋರಿಸುವ ಅವಕಾಶವೇ ಬರುವುದಿಲ್ಲ.

ಅಮೆರಿಕದ ಗ್ವೆನ್ ಜಾರ್ಗೆನ್ಸನ್ ಅವರ ಹೆಸರು ನೀವು ಕೇಳಿರಬಹುದು. ಕಾಲೇಜಿನ ಓಟಗಾರ್ತಿ. ನಿಮ್ಮ ಹಾಗೆ ಲೆಕ್ಕಪತ್ರದ ವಿಷಯ ಓದಿ, ಅಕೌಂಟೆಂಟ್ ಆಗಿ ಕೆಲಸ ಮಾಡುತ್ತಿದ್ದವರನ್ನು ಅಲ್ಲಿನ ಟ್ರಯಾಥ್ಲಾನ್ ಸಂಸ್ಥೆ ಹುಡುಕಿ ಕರೆದುಕೊಂಡಿತು. 2010ರಲ್ಲಿ ಶುರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಟೈರ್ ಪಂಕ್ಚರ್ ಆಗಿ 38ನೇ ಸ್ಥಾನ. 2016ರಲ್ಲಿ ರಿಯೋದಲ್ಲಿ ಚಿನ್ನ. ಈ ಕಥೆಯನ್ನು ಓಟಗಾರರಿಗೆ ಹುರುಪು ತುಂಬಲು ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಅವರು ಓಟಕ್ಕೆ ಬರುವ ಮುಂಚೆ ಕಾಲೇಜು ತಂಡದಲ್ಲಿ ಈಜುಗಾರ್ತಿಯಾಗಿದ್ದರು! ನೀರು ಅವರಿಗೆ ಹೊಸದಾಗಿರಲಿಲ್ಲ. ನಿಮಗೆ ಹೊಸದು. ನಿಮ್ಮ ಹಾದಿ ಅವರದಕ್ಕಿಂತ ಉದ್ದ ಎಂದು ಈಗಲೇ ಒಪ್ಪಿಕೊಂಡು ಹೊರಡಿ.

ಓಟಗಾರರಿಗೆ ನೀರಿನಲ್ಲಿ ಕಷ್ಟ ಯಾಕೆ? ಉಸಿರಿನ ಶಕ್ತಿಗೆ ಕೊರತೆಯಿಲ್ಲ. ಓಡಿ ಓಡಿ ಪಾದದ ಕೀಲು ಬಿಗಿಯಾಗಿರುತ್ತದೆ, ಪಾದ ಹಿಂದಕ್ಕೆ ಚಾಚುವುದಿಲ್ಲ. ಕಾಲು ಮುಳುಗುತ್ತದೆ. ಮುಳುಗಿದ ಕಾಲನ್ನು ಎಳೆದುಕೊಂಡು ಹೋಗಲು ತೋಳಿನಿಂದ ಜೋರು ಮಾಡುತ್ತಾರೆ, ಸುಸ್ತಾಗುತ್ತಾರೆ. ಸುಮ್ನೆ ಲ್ಯಾಪ್ ಎಣಿಸುತ್ತಾ ಹೋದರೆ ಅದೇ ತಪ್ಪು ಗಟ್ಟಿಯಾಗುತ್ತದೆ. ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೋಚ್ ಹತ್ತಿರ ಹೋಗಿ. ಬಸವನಗುಡಿ, ಜಯನಗರದ ಕಡೆ ಅಂಥವರು ಸಿಗುತ್ತಾರೆ. ಹತ್ತು ವರ್ಷದ ಮಕ್ಕಳ ಬ್ಯಾಚ್‌ನಲ್ಲಿ ನಿಲ್ಲಿಸಿದರೂ ನಿಲ್ಲಿ. ವಾರಕ್ಕೊಮ್ಮೆ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಮೇಲು. 400 ಮೀಟರ್ 6 ನಿಮಿಷದೊಳಗೆ ಬಂದಾಗ ಮೊದಲ ಮೆಟ್ಟಿಲು ಹತ್ತಿದಿರಿ ಎಂದುಕೊಳ್ಳಿ. ಎಲೈಟ್ ಮಹಿಳೆಯರು 1.5 ಕಿ.ಮೀ.ಯನ್ನು ಸುಮಾರು 20 ನಿಮಿಷದಲ್ಲಿ ಈಜುತ್ತಾರೆ. ಅದಕ್ಕೆ ವರ್ಷಗಳೇ ಬೇಕು.

ನಮ್ಮ ಊರಿಗೆ ಸಮುದ್ರವಿಲ್ಲ, ಕೆರೆಗಳ ನೀರು ಈಜಲು ಯೋಗ್ಯವಿಲ್ಲ. ಅಲೆ, ನೂಕುನುಗ್ಗಲು, ತಲೆ ಎತ್ತಿ ದಿಕ್ಕು ನೋಡುವುದು, ಇವನ್ನೆಲ್ಲ ಕಲಿಯಲು ಮಂಗಳೂರು ಅಥವಾ ಚೆನ್ನೈ ಕಡೆ ಆಗಾಗ ಹೋಗಲೇಬೇಕಾಗುತ್ತದೆ. ಗೊತ್ತಿದ್ದವರ ಜೊತೆಗೇ ನೀರಿಗಿಳಿಯಿರಿ.

ಆ ಮೂಳೆ ನೋವಿನ ಬಗ್ಗೆ ನನಗೆ ಜಾಸ್ತಿ ಯೋಚನೆಯಾಗಿದೆ. ಕ್ರೀಡಾ ವೈದ್ಯರಿಗೆ ತೋರಿಸಿ, ಮುಂದೂಡಬೇಡಿ. ಮುಟ್ಟು ತಪ್ಪುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಶ್ರಮಕ್ಕೆ ತಕ್ಕಷ್ಟು ಊಟ ಇಲ್ಲದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು. ಈಜು, ಸೈಕಲ್ ಮೂಳೆಗೆ ಪೆಟ್ಟು ಕೊಡುವುದಿಲ್ಲ ನಿಜ. ಆದರೆ ಹಳೆಯ ಊಟದ ಮೇಲೆ ಇನ್ನೆರಡು ಆಟ ಹೇರಿದರೆ ನೋವು ಇನ್ನೂ ಬೇಗ ಬರಬಹುದು. ಸಣ್ಣಗಾದರೆ ವೇಗ ಬರುತ್ತದೆ ಎಂದು ಯಾರೇ ಹೇಳಲಿ, ಕಿವಿಗೆ ಹಾಕಿಕೊಳ್ಳಬೇಡಿ. ಓಟವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಬಿಡಬೇಡಿ.

ಸೈಕಲ್ ವಿಷಯದಲ್ಲಿ ನಾನು ಅಮ್ಮನ ಪಕ್ಷ. ವಾರದ ದಿನಗಳಲ್ಲಿ ಮನೆಯಲ್ಲೇ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ತುಳಿಯಿರಿ. ಭಾನುವಾರ ಬೆಳಗಿನ ಜಾವ ಅನುಭವಿಗಳ ಗುಂಪಿನ ಜೊತೆ ನಂದಿ ಬೆಟ್ಟದ ಕಡೆ ಹೋಗಿ, ಬಿಸಿಲೇರುವ ಮುಂಚೆ ವಾಪಸ್ ಬನ್ನಿ. ಗುಂಪಿನಲ್ಲಿ ಚಕ್ರಕ್ಕೆ ಚಕ್ರ ಹತ್ತಿರವಿಟ್ಟು ಹೋಗುವುದು, ತಿರುವಿನಲ್ಲಿ ಬ್ರೇಕ್ ಹಿಡಿಯುವುದು ಒಬ್ಬರೇ ಕಲಿಯುವ ವಿದ್ಯೆಯಲ್ಲ. ಎಲೈಟ್ ರೇಸ್‌ಗೆ ರೋಡ್ ಬೈಕ್ (ಬಾಗಿದ ಹ್ಯಾಂಡಲ್‌ನ ರೇಸ್ ಸೈಕಲ್) ಸಾಕು, ಒಬ್ಬರೇ ಗಡಿಯಾರದ ವಿರುದ್ಧ ತುಳಿಯಲೆಂದು ಮಾಡಿದ, ಲಕ್ಷಗಟ್ಟಲೆ ಬೆಲೆಯ ಟೈಮ್ ಟ್ರಯಲ್ ಸೈಕಲ್‌ಗೆ ಈಗ ಸಾಲ ಮಾಡಬೇಡಿ. ಮೊದಲು 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ ಇರುವ ಸ್ಪ್ರಿಂಟ್ ರೇಸ್ ಒಂದಕ್ಕೆ ಹೆಸರು ಕೊಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ರೇಸ್ ಹೇಗೆ ನಡೆಯುತ್ತದೆ ಎಂಬುದನ್ನು ಅವರೇ ನೋಡಲಿ.

– ಸಂಪಾದಕ