ಹುಳಿ ಚಟ್ನಿ ಮತ್ತು ಸಂಕೋಚ

ಪ್ರಶ್ನೆ: ನಮ್ಮ ಬಡಾವಣೆಯ ಹೋಟೆಲೊಂದರಲ್ಲಿ ಮಸಾಲೆ ದೋಸೆಯೊಂದಿಗೆ ಹಳಸಿದ ಚಟ್ನಿ ಬಡಿಸಿದರು. ಮಾಲೀಕರು ಪರಿಚಿತರಾದ್ದರಿಂದ ಸುಮ್ಮನೆ ಎದ್ದು ಬಂದೆ. ಹೇಳಬೇಕಿತ್ತೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಹೇಳಬೇಕಿತ್ತು, ಅದೂ ತಟ್ಟೆ ಮುಂದಿರುವಾಗಲೇ. ಬೆಳಿಗ್ಗೆ ರುಬ್ಬಿದ ಕಾಯಿ ಚಟ್ನಿ ಬೇಸಿಗೆಯಲ್ಲಿ ಸಂಜೆಯವರೆಗೆ ಉಳಿಯುವುದಿಲ್ಲ. ಬಡಿಸುವ ಹುಡುಗನನ್ನು ಗದರದೆ, ಗಲ್ಲಾದಲ್ಲಿ ಕುಳಿತವರ ಬಳಿ ಹೋಗಿ, ಯಾವ ತಿಂಡಿ, ಏನು ದೋಷ ಎಂಬುದನ್ನಷ್ಟೇ ತಗ್ಗಿದ ದನಿಯಲ್ಲಿ ತಿಳಿಸಿದ್ದರೆ, ಉಳಿದ ಚಟ್ನಿಯಾದರೂ ಬೇರೆಯವರ ತಟ್ಟೆಗೆ ಬೀಳುವುದು ತಪ್ಪುತ್ತಿತ್ತು. ದೋಸೆ ಚೆನ್ನಾಗಿದ್ದರೆ ಅದನ್ನೂ ಹೇಳಿ. ಹೊಗಳುವುದರಲ್ಲಿ ನಾವು ಮೈಸೂರಿನವರು ತುಸು ಜಿಪುಣರೇ. ತಿಳಿಸಿದ ಮೇಲೂ ಅದೇ ಪಾಡಾದರೆ, 2022ರ ಜನವರಿಯಿಂದ ಬಿಲ್ಲಿನಲ್ಲಿ ಕಡ್ಡಾಯವಾಗಿರುವ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನು ನಮೂದಿಸಿ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.