ಒಳಗೇ ಅಟೆನ್ಯುಯೇಟರ್ ಇರುವಾಗ ಹೊರಗೆ ಇನ್ನೊಂದು ಯಾಕೆ?

ಪ್ರಶ್ನೆ: ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿಗೆ ಸ್ಪೆಕ್ಟ್ರಮ್ ಅನಲೈಸರ್ (ಸಿಗ್ನಲಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಉಪಕರಣ) ಬಂದಿದೆ. ಇನ್‌ಪುಟ್ ಪಕ್ಕದಲ್ಲಿ ‘ಗರಿಷ್ಠ +20 ಡಿಬಿಎಂ’ ಎಂದು ಬರೆದಿದೆ. ಹಳೆಯ ಫಂಕ್ಷನ್ ಜನರೇಟರನ್ನು ಇದಕ್ಕೆ ನೇರವಾಗಿ ಜೋಡಿಸಬಹುದಾ ಸರ್? ಒಳಗೇ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ) ಇದೆಯಲ್ಲ?
– ಓದುಗರು, ದಾವಣಗೆರೆ

ಉತ್ತರ: ನೇರವಾಗಿ ಬೇಡ. ಮೊದಲು ಲೆಕ್ಕ ಹಾಕಿ.

ಡಿಬಿಎಂ ಅಂದರೆ 1 ಮಿಲಿವ್ಯಾಟಿಗೆ ಹೋಲಿಸಿ ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ ಹೇಳುವ ಪವರ್. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. 50 ಓಮ್ ಲೋಡಿನಲ್ಲಿ ಅದು ಸುಮಾರು 0.63 ವೋಲ್ಟ್ ಪೀಕ್-ಟು-ಪೀಕ್ ಅಷ್ಟೇ. ಫಂಕ್ಷನ್ ಜನರೇಟರಿನ ನಾಬ್ ಪೂರ್ತಿ ತಿರುಗಿಸಿದರೆ ಬಹಳಷ್ಟು ಮಾಡೆಲ್‌ಗಳಲ್ಲಿ 50 ಓಮ್ ಲೋಡಿಗೆ 10 ವೋಲ್ಟ್ ಪೀಕ್-ಟು-ಪೀಕ್ ಬರುತ್ತದೆ. ಸೈನ್ ವೇವ್ ಆದರೆ ಅದು ಕಾಲು ವ್ಯಾಟ್, +24 ಡಿಬಿಎಂ. ನಿಮ್ಮ ಮಿತಿ ಆಗಲೇ ದಾಟಿತು ಅಲ್ವಾ? ಡಿಸ್‌ಪ್ಲೇ ಇರುವ ಜನರೇಟರ್ ಆದರೆ ಲೋಡ್ ಸೆಟ್ಟಿಂಗ್ 50 ಓಮ್ ಇದೆಯಾ, ಹೈ-ಝಡ್ (ಲೋಡೇ ಇಲ್ಲದಂಥ ಹೆಚ್ಚಿನ ಇಂಪೀಡೆನ್ಸ್) ಇದೆಯಾ ನೋಡಿ. ಹೈ-ಝಡ್‌ನಲ್ಲಿ ತೋರಿಸುವ ವೋಲ್ಟೇಜಿನ ಅರ್ಧ ಮಾತ್ರ ಅನಲೈಸರಿಗೆ ಹೋಗುತ್ತದೆ.

ಒಳಗಿನ ಅಟೆನ್ಯುಯೇಟರನ್ನು ಮಾತ್ರ ನಂಬಬೇಡಿ. ಅದು ಆಟೋದಲ್ಲಿದ್ದಾಗ, ಸಣ್ಣ ಸಿಗ್ನಲ್ ಕಾಣಲಿ ಅಂತ ಯಾರೋ ವಿದ್ಯಾರ್ಥಿ ರೆಫರೆನ್ಸ್ ಲೆವೆಲ್ (ಸ್ಕ್ರೀನಿನ ಮೇಲ್ತುದಿಯ ಲೆವೆಲ್) ಇಳಿಸುತ್ತಾ ಹೋದರೆ ಅಟೆನ್ಯುಯೇಶನ್ನೂ ಜೊತೆಗೇ ಇಳಿದು ಸೊನ್ನೆಗೆ ಬರಬಹುದು, ಆಗ ಹೊಡೆತ ಬೀಳುವುದು ಸೀದಾ ಮಿಕ್ಸರಿಗೆ, ಅಂದರೆ ಸಿಗ್ನಲಿನ ಫ್ರೀಕ್ವೆನ್ಸಿ ಬದಲಿಸುವ ಭಾಗಕ್ಕೆ. ಅನಲೈಸರಿನಲ್ಲಿ ತುಂಬ ಸೂಕ್ಷ್ಮವಾದ ಭಾಗ ಅದು, ರಿಪೇರಿಯೂ ದುಬಾರಿ. ಹೊರಗೆ ಹಾಕಿದ 20 ಡಿಬಿ ಪ್ಯಾಡ್ (ಬದಲಾಗದ ಅಟೆನ್ಯುಯೇಟರ್) ಯಾವ ಬಟನ್ ಒತ್ತಿದರೂ 20 ಡಿಬಿಯೇ ಆಗಿರುತ್ತದೆ. +24 ಇದ್ದದ್ದು +4 ಆಗುತ್ತದೆ. ಲ್ಯಾಬಿನಲ್ಲಿ ಅದನ್ನು ಅನಲೈಸರಿನ ಇನ್‌ಪುಟ್‌ಗೆ ಖಾಯಂ ಸಿಕ್ಕಿಸಿಟ್ಟು, ತೀರಾ ಸಣ್ಣ ಸಿಗ್ನಲ್ ನೋಡುವಾಗ ಮಾತ್ರ ತೆಗೆಯಿರಿ ಅಂತ ನನ್ನ ಸಲಹೆ.

ಪ್ಯಾಡಿನ ಮೇಲೆ ಎಷ್ಟು ಡಿಬಿ ಅಂತ ಎಲ್ಲರೂ ನೋಡುತ್ತಾರೆ, ಎಷ್ಟು ವ್ಯಾಟ್ ಅಂತ ನೋಡುವವರು ಕಡಿಮೆ. ಕಾಲು ವ್ಯಾಟಿಗೆ 1 ಅಥವಾ 2 ವ್ಯಾಟಿನ ಚಿಕ್ಕ ಪ್ಯಾಡ್ ಧಾರಾಳ ಸಾಕು. ಆದರೆ ನಾಳೆ ಯಾರಾದರೂ 5 ವ್ಯಾಟಿನ ವಾಕಿ-ಟಾಕಿ ತಂದು ಜೋಡಿಸಿದರೆ? ಅದು +37 ಡಿಬಿಎಂ. ಅದಕ್ಕೆ 10 ವ್ಯಾಟ್ ತಡೆಯುವ, ಒಟ್ಟು 40 ಡಿಬಿ ಅಟೆನ್ಯುಯೇಶನ್ ಬೇಕು. ಎರಡು ಪ್ಯಾಡ್ ಸೇರಿಸಿ ಹಾಕುವುದಾದರೆ ಜಾಸ್ತಿ ವ್ಯಾಟಿನದು ಟ್ರಾನ್ಸ್‌ಮಿಟರ್ ಕಡೆಗೇ ಇರಲಿ, ಬಿಸಿಯಾಗುವುದು ಮೊದಲನೆಯದೇ.

ಡಿಸಿ ಬಗ್ಗೆಯೂ ಹುಷಾರು. ಸಾಮಾನ್ಯ ರೆಸಿಸ್ಟರ್ ಪ್ಯಾಡ್ ಡಿಸಿಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಕೆಲವು ಅನಲೈಸರ್‌ಗಳ ಇನ್‌ಪುಟ್ ಡಿಸಿಯನ್ನು ಸಹಿಸುವುದೇ ಇಲ್ಲ. ಜನರೇಟರಿನ ಆಫ್‌ಸೆಟ್ ಸೊನ್ನೆಗೆ ತಂದು, ಅನುಮಾನ ಇದ್ದರೆ ಡಿಸಿ ಬ್ಲಾಕ್ ಹಾಕಿ.

ಇನ್ನು ಸ್ಕ್ರೀನಿನಲ್ಲಿ ಹಾರ್ಮಾನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರುವ ಸಿಗ್ನಲ್) ಕಂಡರೆ ತಕ್ಷಣ ಜನರೇಟರನ್ನು ಬೈಯಬೇಡಿ. ಒಳಗಿನ ಅಟೆನ್ಯುಯೇಶನ್ 10 ಡಿಬಿ ಹೆಚ್ಚಿಸಿ ನೋಡಿ. ಹಾರ್ಮಾನಿಕ್ ಇದ್ದಲ್ಲೇ ಇದ್ದರೆ ಅದು ಜನರೇಟರಿನದು. ಕೆಳಗಿಳಿದರೆ ಮಿಕ್ಸರ್ ಓವರ್‌ಲೋಡ್ ಆಗಿತ್ತು ಅಂತ ಅರ್ಥ, ಹೊರಗೆ ಇನ್ನೊಂದು 10 ಡಿಬಿ ಸೇರಿಸಿ. ಹೊರಗೆ ಹಾಕಿದ ಒಟ್ಟು ಡಿಬಿಯನ್ನು ರೆಫರೆನ್ಸ್ ಲೆವೆಲ್ ಆಫ್‌ಸೆಟ್‌ನಲ್ಲಿ ಕೊಟ್ಟರೆ ಸ್ಕ್ರೀನಿನಲ್ಲಿ ನಿಜವಾದ ಲೆವೆಲ್ಲೇ ಕಾಣುತ್ತದೆ.